ಉಳಿದದ್ದೆಲ್ಲ ಕಸಕ್ಕೆ

ಅಕ್ಕನ ಬೆರಳುಗಳು ಹೊಗೆಸೊಪ್ಪಿನ ಅಂಟು ಹತ್ತಿ ಸದಾ ಕಪ್ಪಾಗಿರುತ್ತಿದ್ದವು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಸೊಪ್ಪನ್ನು ಗುಣ ನೋಡಿ ಆರಿಸಿ ಗ್ರೇಡು ಮಾಡಿ, ಆಮೇಲೆ ಪಿರಿಯಾಪಟ್ಟಣಕ್ಕೆ ಬಂದು ಸೈಬರ್ ಅಂಗಡಿ ತೆರೆಯುತ್ತಿದ್ದಳು. ಅಲ್ಲಿ ಜೆರಾಕ್ಸ್ ಮಾಡುತ್ತಿದ್ದವಳು ನಾನು. ಸ್ವಂತ ಅಕ್ಕನಲ್ಲ, ಎಲ್ಲರೂ ಹಾಗೇ ಕರೆಯುತ್ತಿದ್ದರು.

ಹಾರನಹಳ್ಳಿಯಿಂದಲೋ ಕಾಡಂಚಿನ ಹಾಡಿಯಿಂದಲೋ ಅರ್ಜಿ ಹಾಕಲು ಬಂದವರಿಗೆ ಇಮೇಲ್ ಎಲ್ಲಿಂದ ಬರಬೇಕು? "ನಂದೇ ಆಕ್ತೀನಿ ಬುಡಿ" ಎಂದು ಅಂಗಡಿಯ ವಿಳಾಸವನ್ನೇ ಕೊಡುತ್ತಿದ್ದಳು. ನನ್ನ ತಂಗಿಗೆ ನರ್ಸಿಂಗ್ ಸೀಟು ಸಿಕ್ಕ ಸುದ್ದಿ ಬಂದದ್ದೂ ಆ ವಿಳಾಸಕ್ಕೇ.

ಬಂದು ಬಿದ್ದ ಮೇಲ್‌ಗಳ ರಾಶಿಯಲ್ಲಿ ಯಾರದ್ದು ಯಾವುದೆಂದು ಹುಡುಕಿ ಸಾಕಾಗಿ, ಹಳೆಯ ವಿಂಡೋಸ್ ಕಂಪ್ಯೂಟರಿಗೆ ಸಿಗ್ವಿನ್ ಹಾಕಿದಳು. ವಿಂಡೋಸಿನೊಳಗೇ ಯೂನಿಕ್ಸ್ ಎಂಬ ಬೇರೆ ವ್ಯವಸ್ಥೆಯ ತರಹ ನಡೆಯುವ ಕಪ್ಪು ಪರದೆ ಅದು. ಅದರಲ್ಲಿ ಪ್ರಾಕ್‌ಮೇಲ್ ಎಂಬ ಜರಡಿ: ಮೇಲ್‌ನಲ್ಲಿರುವ ಹೆಸರು ನೋಡಿ ಅವರವರ ಡಬ್ಬಿಗೆ ಹಾಕುತ್ತದೆ. ನೋಟ್‌ಪ್ಯಾಡಿನಲ್ಲಿ ಬರೆದ ನಿಯಮಗಳ ಸಾಲಿನ ತುದಿಗೆ ಕಣ್ಣಿಗೆ ಕಾಣದ ಚಿಹ್ನೆ ಸೇರಿ, ಒಂದೂ ನಡೆಯಲಿಲ್ಲ. "ಕಾಣ್ದಂಗೆ ಕಳೆ ಸೇರ್ಕಂಡದೆ ಕಣಮ್ಮಿ" ಎಂದು ನಗುತ್ತಲೇ ಕಿತ್ತಳು.

ಕೊನೆಯ ನಿಯಮ ಮಾತ್ರ ಹೊಗೆಸೊಪ್ಪಿನಿಂದ ಕಲಿತದ್ದು. ಎಲೆ ಆರಿಸಿದ ಮೇಲೆ ಉಳಿದ ತರಗನ್ನು ಗುಡಿಸಿ ಎಸೆಯುತ್ತಾರೆ. ಹಾಗೆಯೇ, ಯಾವ ಹೆಸರಿಗೂ ಸೇರದ ಮೇಲ್ ಎಲ್ಲೂ ಪ್ರತಿ ಉಳಿಯದಂತೆ ಅಳಿಸಿಹೋಗಲಿ ಎಂದು ಬರೆದಳು.

"ಅದ್ನೂ ಒಂದ್ ಡಬ್ಬಿಗೆ ಆಕಕ್ಕ" ಎಂದೆ.

"ತರಗ್ನ ಯಾರಾದ್ರೂ ಮೂಟೆ ಕಟ್ಟಿ ಮಡಿಕಂಡಾರಾ?" ಎಂದಳು.

ಅಕ್ಕನ ಹೃದಯದ ಕವಾಟ ಕೆಟ್ಟಿತ್ತು. ಉಚಿತವಾಗಿ ಆಪರೇಷನ್ ಮಾಡುವ ದೂರದ ಆಸ್ಪತ್ರೆಯವರು, ಸರದಿ ಬಂದಾಗ ಅಂಗಡಿಯ ವಿಳಾಸಕ್ಕೇ ಇಮೇಲ್ ಮಾಡುತ್ತೇವೆ, ವಾರದೊಳಗೆ ಒಪ್ಪಿಗೆ ಕಳಿಸದಿದ್ದರೆ ಮುಂದಿನವರಿಗೆ ಕೊಡುತ್ತೇವೆ ಎಂದಿದ್ದರು. ತಿಂಗಳುಗಟ್ಟಲೆ ಕಾದೆವು. ಅಂಗಡಿಯ ಷಟರ್ ಎತ್ತುವುದಕ್ಕೂ ಅವಳಿಗೆ ಏದುಸಿರು. ಕೊನೆಗೆ ನಾನೇ ಫೋನ್ ಮಾಡಿದೆ.

"ಆಗಲೇ ಕಳ್ಸಿದ್ವಲ್ಲ ಮೇಡಂ, ನಿಮ್ಮಿಂದ ಉತ್ತರಾನೇ ಇಲ್ಲ" ಎಂದರು. ಕಾಡಿ ಬೇಡಿದ ಮೇಲೆ ಸರದಿಯ ತುದಿಗೆ ಮತ್ತೆ ಸೇರಿಸಿದರು.

ಅಕ್ಕ ಕಪ್ಪು ಪರದೆ ತೆರೆದು ತನ್ನ ನಿಯಮಗಳನ್ನು ಮೇಲಿಂದ ಕೆಳಗೆ ಓದಿದಳು. "ಊರೋರೆಸ್ರೆಲ್ಲ ಬರ್ದಿವ್ನಿ, ನನ್ನೆಸ್ರೊಂದ್ ಬರೀನಿಲ್ವಲ್ಲಮ್ಮಿ" ಎಂದಳು. ಅಯ್ಯೋ, ಆ ಮುಖ! ನಾನು ಬೈದೆ, ಅತ್ತುಬಿಟ್ಟೆ. ಅವಳು ತನ್ನ ಹೆಸರನ್ನು ಮೊದಲ ಸಾಲಿಗೆ ಸೇರಿಸಿ, ಸುಮ್ಮನೆ ಒಂದು ಮೇಲ್ ಕಳಿಸಿ ನೋಡು ಎಂದಳು. ಕಳಿಸಿದೆ. ಅವಳ ಡಬ್ಬಿಗೇ ಬಿತ್ತು.

"ನೋಡು, ಇನ್ಮೇಲೆ ಬತ್ತದೆ" ಎಂದಳು.

ಆ ವರ್ಷದ ಸೊಪ್ಪನ್ನು ಗೂಡಿನಲ್ಲಿ ಬೇಯಿಸಿ ಒಣಗಿಸುವ ಮೊದಲೇ ಅಕ್ಕ ಹೋಗಿಬಿಟ್ಟಳು.

ಅಂಗಡಿ ಈಗ ನಾನು ನಡೆಸುತ್ತೇನೆ. ಮೊನ್ನೆ ಅಕ್ಕನ ಡಬ್ಬಿಗೆ ಆಸ್ಪತ್ರೆಯ ಮೇಲ್ ಬಿದ್ದಿತ್ತು: ನಿಮ್ಮ ಸರದಿ ಬಂದಿದೆ, ಬರುತ್ತೀರಾ? ಜರಡಿ ಸರಿಯಾಗಿಯೇ ಕೆಲಸ ಮಾಡಿತ್ತು. ಇಂಥ ಸಂಕಟ ಶತ್ರುವಿಗೂ ಬೇಡ. ಉತ್ತರ ಬರದೆ ಇನ್ಯಾರದೋ ಒಂದು ವಾರ ಹಾಳಾಗಬಾರದೆಂದು ಕಣ್ಣೊರೆಸಿಕೊಂಡು ಕೂತೆ. "ಮುಂದಿನವರಿಗೆ ಕೊಟ್ಟುಬಿಡಿ" ಎಂದು ಬರೆದು, ಕೆಳಗೆ ಅಕ್ಕನ ಹೆಸರು ಹಾಕಿದೆ.