ಬಂಡೆಗಾಗಿ ಹಿಡಿದ ನಾಲ್ಕು ಗಂಟೆಯ ಕೆಲಸ

ಎಂ.ಎ. ಮುಗಿಸಿದ ವರ್ಷ ನಾನು ಒಂದು ಹಾಳೆಯ ನಡುವೆ ಗೆರೆ ಎಳೆದು, ನನಗೆ ಸಿಗಬಹುದಾದ ಕೆಲಸಗಳನ್ನೆಲ್ಲ ಎಡಗಡೆ ಬರೆದೆ. ಬಲಗಡೆ ಒಂದೇ ಪ್ರಶ್ನೆ: ಬಂಡೆ ಹತ್ತಲಿಕ್ಕೆ ಎಷ್ಟು ಹೊತ್ತು ಉಳಿಯುತ್ತದೆ? ಅತಿಥಿ ಉಪನ್ಯಾಸಕನಾದರೆ ಭಾನುವಾರ ಮಾತ್ರ, ಅದೂ ತಿದ್ದಲು ಉತ್ತರಪತ್ರಿಕೆ ಇಲ್ಲದಿದ್ದರೆ. ಬ್ಯಾಂಕಾದರೆ ಗೊತ್ತಿಲ್ಲದ ಊರಿಗೆ ವರ್ಗ. ದುಬೈಯ ಭಾವನ ಅಂಗಡಿಯಾದರೆ ಎರಡು ವರ್ಷಕ್ಕೊಮ್ಮೆ ರಜೆ. ಹಳ್ಳಿಯ ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ಟರ್ ಆದರೆ ದಿನಕ್ಕೆ ನಾಲ್ಕು ಗಂಟೆ. ಅದಕ್ಕೆ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಹತ್ತನೆಯ ತರಗತಿಯ ಅಂಕ ನೋಡುತ್ತಾರೆ. ನನ್ನ ಅಂಕ ಚೆನ್ನಾಗಿಯೇ ಇತ್ತು.

ಬಂಟ್ವಾಳದ ನಮ್ಮ ಮನೆಯಲ್ಲಿ ಈ ಸುದ್ದಿ ಹೇಳಿದಾಗ ಊಟಕ್ಕೆ ಕುಳಿತಿದ್ದ ಮಾವ ತುತ್ತು ಕೈಯಲ್ಲೇ ಹಿಡಿದುಕೊಂಡರು. ಮಡಂತ್ಯಾರಿನಲ್ಲಿ ಹೋಟೆಲು ನಡೆಸುವ ಅವರು ಅಮ್ಮನ ಅಣ್ಣ. ನಮ್ಮಲ್ಲಿ ದೊಡ್ಡ ವಿಷಯಗಳು ಅವರ ಬಾಯಿಯಿಂದಲೇ ತೀರ್ಮಾನವಾಗಬೇಕು.

“ಇಷ್ಟು ಕಲಿತು ಕಾಗದ ಹಂಚ್ಲಿಕ್ಕೆ ಹೋಗುವುದಾ ಮಾರಾಯ? ಕಲ್ಲು ಹತ್ತಲಿಕ್ಕೆ ಆಗ್ತದೆ ಅಂತ ಯಾರಾದ್ರೂ ಕೆಲಸ ಹುಡುಕ್ತಾರಾ?”

“ಹೆಣ್ಣು ಸಿಗ್ತದೆ ಅಂತ ಕೆಲಸ ಹುಡುಕ್ತಾರಲ್ಲ ಮಾವ, ಅದು ಸರಿಯಾ?”

“ಅದು ಬೇರೆ.”

“ಹೇಗೆ ಬೇರೆ, ಹೇಳಿ.”

ಮಾವ ಹೇಳಲಿಲ್ಲ. “ನಿನ್ನತ್ರ ಮಾತಾಡಿ ಪೂರೈಸ್ಲಿಕ್ಕಿಲ್ಲ” ಎಂದು ಎದ್ದು ಕೈ ತೊಳೆಯಲು ಹೋದರು. ಮೂಡುಬಿದಿರೆಯ ಕಾಲೇಜಿನಲ್ಲಿ ಐದು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಎದುರಿನವರು ಸುಮ್ಮನಾದರೆಂದರೆ ಗೆದ್ದ ಹಾಗೆ. ಅವರಿಗೆ ನನ್ನ ಮಾತು ಒಪ್ಪಿಗೆಯಾಯಿತೋ ಸಾಕಾಯಿತೋ ಎಂದು ಆ ಕಾಲದಲ್ಲಿ ನಾನು ಯೋಚಿಸುತ್ತಿರಲಿಲ್ಲ.

ನನಗೆ ಸಿಕ್ಕಿದ ಊರು ಶಿರ್ತಾಡಿಯಿಂದ ಇನ್ನೂ ಒಳಗೆ. ಒಂದು ಕೋಣೆಯ ಕಚೇರಿ, ಒಂದು ಕಿಟಕಿ, ಹೊರಗೆ ಸಣ್ಣ ಜಗಲಿ. ಟಪಾಲು ಹಂಚುವವನೂ ನಾನೇ. ಅಲ್ಲಿಂದ ಕಾಲು ಗಂಟೆ ನಡೆದರೆ ಗುಡ್ಡದ ಮೇಲೆ ವಿಶಾಲವಾದ ಪಾದೆ, ಅಂದರೆ ಬೋಳು ಹಾಸುಬಂಡೆ. ಅದರ ಅಂಚಿನಲ್ಲಿ ಮನೆಯಷ್ಟು ಎತ್ತರದ ಏಳೆಂಟು ಬಂಡೆಗಳು. ಹಗ್ಗ ಬೇಡ, ಜೊತೆಗಾರ ಬೇಡ, ಕೆಳಗೆ ಹಾಸಲು ಒಂದು ದಪ್ಪ ಹಾಸಿಗೆ, ಕೈ ಬೆವರದಂತೆ ಹಚ್ಚಿಕೊಳ್ಳಲು ಬಿಳಿ ಪುಡಿ, ಇಷ್ಟು ಸಾಕು. ನೇಮಕಾತಿ ಪತ್ರದೊಂದಿಗೆ ಮೊದಲು ಊರು ನೋಡಲು ಹೋದ ದಿನ ನಾನು ನೋಡಿದ್ದು ಕಚೇರಿಯನ್ನಲ್ಲ, ಈ ಬಂಡೆಗಳನ್ನು.

ಕೆಲಸಕ್ಕೆ ಸೇರಿದ ದಿನ ಕೀಲಿಕೈ ಕೊಟ್ಟದ್ದು ಒಬ್ಬ ಹೆಂಗಸು. ಹಿಂದಿನ ಪೋಸ್ಟ್ ಮಾಸ್ಟರರಿಗೆ ಕಾಯಿಲೆಯಿದ್ದುದರಿಂದ ಎಂಟು ವರ್ಷ ಅವರ ಬದಲಿಯಾಗಿ ಕಚೇರಿ ನಡೆಸಿದ್ದವರು ಇವರೇ. ಉಳಿದ ಹೊತ್ತು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ನಾನು ಅವರನ್ನು ಅಕ್ಕ ಎಂದು ಕರೆದೆ, ಅವರು ನನ್ನನ್ನು ಮಾಸ್ಟ್ರೇ ಎಂದರು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಅಜ್ಜಿಗೆ ಪಿಂಚಣಿಯ ನೋಟನ್ನು ಎರಡು ಸಲ ಎಣಿಸಿ ತೋರಿಸಬೇಕು, ಎಲ್ಲವನ್ನೂ ಒಂದು ವಾರ ಜೊತೆಗೆ ನಡೆದು ಹೇಳಿಕೊಟ್ಟರು. ಕೊನೆಯ ದಿನ ನಗುತ್ತಾ ಹೇಳಿದರು:

“ನಾನೂ ಅರ್ಜಿ ಹಾಕಿದ್ದೆ ಮಾಸ್ಟ್ರೇ. ಲಿಸ್ಟಿನಲ್ಲಿ ನಿಮ್ಮ ಹೆಸರು ನೋಡಿ, ಎಂ.ಎ. ಆದವರಂತೆ, ಇವರು ಬರ್ಲಿಕ್ಕಿಲ್ಲ ಅಂತ ಎಣಿಸಿದೆ. ದೊಡ್ಡ ಕಲಿತವರು ಬರುವುದಿಲ್ಲ, ಹೆಚ್ಚಾಗಿ. ಅವರು ಬಾರದಿದ್ರೆ ಕೆಳಗಿನವರಿಗೆ ಸಿಗ್ತದೆ.”

“ಇನ್ನೊಮ್ಮೆ ಹಾಕಬಹುದಲ್ಲ ಅಕ್ಕ.”

“ಇನ್ನು ಎಲ್ಲಿ? ಬರುವ ತಿಂಗಳಿಗೆ ನಲವತ್ತು ಆಗ್ತದೆ. ಆಮೇಲೆ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಕರೀರಿ, ಅದು ಸಾಕು.”

ಆ ರಾತ್ರಿ ನನಗೆ ನಿದ್ದೆ ಬಂತು. ನಿಯಮ ನಾನು ಮಾಡಿದ್ದಲ್ಲ, ಅಂಕ ಕದ್ದದ್ದಲ್ಲ, ನಾನು ಬಾರದಿದ್ದರೂ ಅವರಿಗೇ ಸಿಗುತ್ತಿತ್ತೆಂದು ಹೇಳಲು ಬರುವುದಿಲ್ಲ. ಮೂರು ಅಂಶ ಸಿಕ್ಕಿದ ಮೇಲೆ ನಾನು ಯಾವ ವಿಷಯವನ್ನೂ ಮತ್ತೆ ತೆರೆಯುತ್ತಿರಲಿಲ್ಲ.

ರಜೆ ಹಾಕಿದಾಗ ಅವರನ್ನು ಬದಲಿಗೆ ಕರೆಯುವುದು ನಿಯಮದಂತೆಯೇ ಇತ್ತು. ಆಮೇಲೆ ರಜೆ ಹಾಕದ ದಿನಗಳಲ್ಲೂ ಕರೆಯತೊಡಗಿದೆ. ಬೆಳಗಿನ ತಂಪಿನಲ್ಲಿ ಕಲ್ಲಿಗೆ ಕೈ ಹಿಡಿಯುತ್ತದೆ, ಮಧ್ಯಾಹ್ನ ಕೆಲಸ ಮುಗಿಸಿ ಹೋದರೆ ಬೆರಳು ಜಾರುತ್ತದೆ. ನಾಲ್ಕು ಗಂಟೆಯ ಕೆಲಸವೂ ತಪ್ಪು ಹೊತ್ತಿನಲ್ಲೇ ಬಂದುಬಿಟ್ಟಿತ್ತು. “ಅಕ್ಕ, ಒಂದು ಗಂಟೆ ಕೂತ್ಕೊಳ್ತೀರಾ?” ಎಂದರೆ ಅವರು ಬೀಡಿ ಕಟ್ಟುವ ಮೊರವನ್ನು, ಅವರ ಮಾತಿನ ತಡ್ಪೆಯನ್ನು, ಬದಿಗಿಟ್ಟು ಬರುತ್ತಿದ್ದರು. ಒಂದು ಗಂಟೆ ಎರಡೂವರೆ ಆಗುತ್ತಿತ್ತು. ಖಾತೆಗೆ ಹಣ ಜಮೆ ಮಾಡುವ ಕಚೇರಿಯ ಯಂತ್ರದ ಪಾಸ್‌ವರ್ಡನ್ನು ಬಾಯಲ್ಲಿ ಹೇಳಿಕೊಟ್ಟೆ. ಪಾಪ, ಅವರಿಗೂ ಆ ಕುರ್ಚಿಯಲ್ಲಿ ಕೂರಲು ಇಷ್ಟವಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆಯೂ ಇತ್ತು. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ನವೆಂಬರಿನ ಕೊನೆಯ ಒಂದು ಬೆಳಿಗ್ಗೆ ನಾನು ಒಂದು ತಿಂಗಳಿಂದ ಸೋಲುತ್ತಿದ್ದ ಬಂಡೆಯೊಂದರ ನಡುಭಾಗದಲ್ಲಿದ್ದೆ. ಎಡಗೈ ಒಂದು ಬಿರುಕಿನಲ್ಲಿ, ಬಲಗಾಲು ಅಡಿಕೆಯಷ್ಟು ಅಗಲದ ಉಬ್ಬಿನ ಮೇಲೆ. ಕೆಳಗೆ ಚೀಲದಲ್ಲಿ ಫೋನು ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. ಅದು ಅಕ್ಕನೇ ಎಂದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಬೇರೆ ಯಾರೂ ಕರೆಯುವವರಿಲ್ಲ. ನಾನು ಇಳಿಯಲಿಲ್ಲ. ಮೇಲೆ ಹೋದೆ. ತುದಿಯಲ್ಲಿ ಕುಳಿತು ಸುತ್ತಲಿನ ಗುಡ್ಡಗಳನ್ನು ನೋಡಿದೆ, ಸಂತೋಷಪಟ್ಟೆ, ಆಮೇಲೆ ಹಿಂಬದಿಯಿಂದ ಇಳಿದು ಬಂದೆ. ಫೋನಿನಲ್ಲಿ ಏಳು ಕರೆ.

ಓಡುತ್ತಾ ಬಂದಾಗ ಇನ್ಸ್‌ಪೆಕ್ಟರು ಕಚೇರಿಯ ಒಳಗೆ ಕುಳಿತಿದ್ದರು. ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಕಂಡದ್ದೇ ತಡ, “ಟಪಾಲು ಹಂಚ್ಲಿಕ್ಕೆ ಹೋದವರು ಬಂದ್ರು ಸರ್” ಎಂದರು.

ಇನ್ಸ್‌ಪೆಕ್ಟರು ಬಿಳಿ ಪುಡಿ ಮೆತ್ತಿದ್ದ ನನ್ನ ಕೈಯನ್ನೂ ಪ್ಯಾಂಟನ್ನೂ ನೋಡಿದರು. “ಟಪಾಲು ಹಂಚಿದ್ದಾ, ಯಾರದ್ದಾದ್ರೂ ಮನೆಗೆ ಸುಣ್ಣ ಹೊಡೆದದ್ದಾ?”

ನಾನು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. ಅಷ್ಟರಲ್ಲಿ ಅವರು ಯಂತ್ರವನ್ನು ನೋಡಿಯಾಗಿತ್ತು. ನಾನಿಲ್ಲದ ಹೊತ್ತಿನಲ್ಲಿ ನನ್ನ ಹೆಸರಿನಲ್ಲಿ ಒಬ್ಬ ಅಜ್ಜನ ಉಳಿತಾಯ ಖಾತೆಗೆ ಹಣ ಜಮೆಯಾಗಿತ್ತು. ಹಣದಲ್ಲಿ ಒಂದು ರೂಪಾಯಿಯೂ ಆಚೀಚೆ ಇರಲಿಲ್ಲ. ಆದರೂ ನೇಮಕವಾಗದವರು ಹಣ ಮುಟ್ಟಿದ್ದು ತಪ್ಪೇ. ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು, ಆ ಹೆಂಗಸೂ ಓದಿ ರುಜು ಹಾಕಬೇಕು ಎಂದು ಹೇಳಿ ಹೋದರು.

ನಾನು ಎರಡು ದಿನ ಕುಳಿತು ಬರೆದೆ. ಅದರಲ್ಲಿ ಒಂದೂ ಸುಳ್ಳಿಲ್ಲ. ಕಚೇರಿಯಿಂದ ಹೊರಟಾಗ ಬಟವಾಡೆಯಾಗಬೇಕಾದ ಪತ್ರಗಳು ನನ್ನ ಚೀಲದಲ್ಲಿದ್ದವು ಎಂದು ಬರೆದೆ, ಎರಡು ಇದ್ದವು. ಸದರಿಯವರು ಕಚೇರಿಯಲ್ಲಿ ಕುಳಿತುಕೊಳ್ಳಲು ನನ್ನ ಅನುಮತಿ ಕೇಳಿರಲಿಲ್ಲ ಎಂದು ಬರೆದೆ. ಕೇಳಿದ್ದು ನಾನು, ಅವರಲ್ಲ. ಪಾಸ್‌ವರ್ಡನ್ನು ಯಾರಿಗೂ ಬರೆದುಕೊಟ್ಟಿಲ್ಲ ಎಂದು ಬರೆದೆ. ಹಿಂದಿನವರ ಕಾಲದಿಂದಲೂ ಅವರಿಗೆ ಇಲ್ಲಿ ಬಂದು ಹೋಗುವ ರೂಢಿಯಿದೆ ಎಂದು ಸೇರಿಸಿದೆ. ಇಷ್ಟನ್ನು ಓದಿದವರ ಕಣ್ಣಿಗೆ ಹಳೆಯ ಕುರ್ಚಿಯ ಆಸೆ ಬಿಡದ ಒಬ್ಬ ಹೆಂಗಸೂ, ಊರು ಸುತ್ತಿ ಕಾಗದ ಹಂಚುವ ಒಬ್ಬ ಅಮಾಯಕನೂ ಕಾಣುತ್ತಾರೆ. ಹಾಗೆ ಕಾಣಬೇಕೆಂದೇ ಬರೆದದ್ದು.

ಅಕ್ಕ ಜಗಲಿಯಲ್ಲಿ ಕುಳಿತು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು.

“ನಾನು ಕೇಳಿರಲಿಲ್ಲ, ಹೌದು” ಎಂದು ನಕ್ಕರು. “ನೀವೇ ಕರೆದದ್ದಲ್ವಾ?”

“ಅದನ್ನು ಅವರು ಕೇಳಿಲ್ಲ ಅಕ್ಕ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ರೆ ಸಾಕು.”

“ಹಾಗೆಯಾ? ನಿಮಗೆ ಗೊತ್ತುಂಟು.” ರುಜು ಹಾಕಿದರು. ಕಾಗದ ಹಿಂದೆ ಕೊಡುವಾಗ ಹೇಳಿದರು: “ನಿಮ್ಮ ಭಾಷೆ ಭಾರೀ ಚಂದ ಮಾಸ್ಟ್ರೇ. ನನ್ನ ಮಗಳಿಗೂ ಸ್ವಲ್ಪ ಭಾಷಣ ಕಲಿಸಿ.”

ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವರನ್ನು ಇನ್ನು ಮುಂದೆ ಬದಲಿಯಾಗಿಯೂ ಕರೆಯಕೂಡದು, ಕಚೇರಿಯ ಒಳಗೆ ಬಿಡಕೂಡದು ಎಂದು ಆದೇಶ ಬಂತು. ಅದನ್ನು ಅವರ ಮನೆಗೆ ಬಟವಾಡೆ ಮಾಡಿದವನೂ ನಾನೇ.

ಆಮೇಲಿನ ದಿನಗಳಲ್ಲಿ ನಾನು ಕಂಡದ್ದು ಇದು. ಊರಿನ ಮುದುಕರಿಗೆ ಫಾರಂ ತುಂಬಲು ನನ್ನ ಮೇಲೆ ನಂಬಿಕೆ ಸಾಲದು. ಅವರು ಅಕ್ಕನ ಮನೆಗೆ ಹೋಗಿ ಕರೆದುಕೊಂಡು ಬರುತ್ತಿದ್ದರು. ಅಕ್ಕ ಜಗಲಿಗೂ ಹತ್ತದೆ, ಅಂಗಳದಲ್ಲಿ ನಿಂತು, ಮೊಣಕಾಲ ಮೇಲೆ ಪುಸ್ತಕವಿಟ್ಟು ಫಾರಂ ತುಂಬಿ ಅವರ ಕೈಗೆ ಕೊಡುತ್ತಿದ್ದರು. ಮುದುಕರು ಅದನ್ನು ಕಿಟಕಿಯಿಂದ ನನಗೆ ಚಾಚುತ್ತಿದ್ದರು. “ಒಳಗೆ ಬಾ ಮಾರಾಯ್ತಿ, ಬಿಸಿಲು” ಎಂದು ಒಬ್ಬ ಅಜ್ಜ ಕರೆದರೆ, “ನನಗೆ ಅಲ್ಲಿಗೆ ಬರ್ಲಿಕ್ಕಿಲ್ಲ ಅಜ್ಜ, ಆರ್ಡರ್ ಉಂಟು” ಎಂದರು. ತಮಾಷೆಗೆ ಎಂಬಂತೆ ಹೇಳಿದ್ದು. ಅಜ್ಜ ನನ್ನ ಕಡೆ ನೋಡಿದರು. ನಾನು ಫಾರಂ ಓದುತ್ತಿದ್ದವನಂತೆ ತಲೆ ತಗ್ಗಿಸಿದೆ.

ಜನವರಿಯಲ್ಲಿ ಎರಡನೆಯ ಪತ್ರ ಬರೆದೆ. ಅರ್ಧ ಪುಟ. ರಜೆಯಿಲ್ಲದ ದಿನಗಳಲ್ಲಿ ಅವರನ್ನು ಕರೆದು ಕೂರಿಸಿದ್ದು ನಾನು, ಪಾಸ್‌ವರ್ಡ್ ಹೇಳಿಕೊಟ್ಟದ್ದು ನಾನು, ಆ ದಿನ ನಾನಿದ್ದದ್ದು ಬಂಡೆಯ ಮೇಲೆ. ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ಕತ್ತರಿಯಿಂದ ಬೀಡಿಯ ಎಲೆ ಕತ್ತರಿಸುತ್ತಿದ್ದರು. ಓದಲು ಮಾತ್ರ ಕೈ ನಿಲ್ಲಿಸಿದರು.

“ಇದು ಕೊಟ್ರೆ ನಿಮ್ಮ ಕೆಲಸ ಹೋಗ್ತದಾ?”

“ಹೋಗಬಹುದು.”

“ಮತ್ತೆ ನನಗೆ ಆಗ್ತದಾ?”

“ನಿಮಗೆ ಪ್ರಾಯ ದಾಟಿತಲ್ಲ ಅಕ್ಕ. ಆದರೆ ಆ ಆರ್ಡರ್ ಹೋಗಬಹುದು. ಬದಲಿಗೆ ಕರೀಬಹುದು.”

“ಹಾಗಾದ್ರೆ ಕೊಡಿ. ನನ್ನ ಹತ್ತಿರ ಯಾಕೆ ತಂದದ್ದು?”

ಅವರು ಪತ್ರವನ್ನು ಮಡಚಿ ನನ್ನ ಕೈಗಿಟ್ಟರು.

“ನಾನು ಬೇಡ ಅಂತ ಹೇಳ್ಬೇಕಿತ್ತಾ ಮಾಸ್ಟ್ರೇ?”

ಕತ್ತರಿಯ ಶಬ್ದ ಮತ್ತೆ ಶುರುವಾಯಿತು. ಅದಕ್ಕಾಗಿಯೇ ತಂದದ್ದೆಂದು ನನಗೆ ಅವರ ಅಂಗಳದಲ್ಲಿ ನಿಂತಾಗ ಗೊತ್ತಾಯಿತು, ಅವರಿಗೆ ಅದಕ್ಕೂ ಮೊದಲೇ ಗೊತ್ತಾಗಿತ್ತು.

ಇಷ್ಟಾದ ಮೇಲೆ ಮರುದಿನವೇ ಪತ್ರ ಕೊಟ್ಟೆ ಎಂದು ಬರೆಯುವ ಆಸೆ ಇದೆ. ಕೊಡಲಿಲ್ಲ. ಇನ್ಸ್‌ಪೆಕ್ಟರು ರಜೆಯಲ್ಲಿದ್ದಾರೆ ಎಂದು ಫೆಬ್ರವರಿ ಕಳೆಯಿತು, ಇದ್ದದ್ದು ನಿಜ. ಮಾರ್ಚಿನಲ್ಲಿ ವರ್ಷದ ಕೊನೆಯ ಗಡಿಬಿಡಿ, ಅದೂ ನಿಜ. ಏಪ್ರಿಲ್, ಮೇ ಎರಡರಲ್ಲೂ ಹೊಸ ಇನ್ಸ್‌ಪೆಕ್ಟರು ಬರುತ್ತಾರಂತೆ ಎಂಬ ಸುದ್ದಿ. ಆ ನಾಲ್ಕೂ ತಿಂಗಳು ನಾನು ಬೆಳಿಗ್ಗೆ ಐದೂವರೆಗೆ ಎದ್ದು ಕಚೇರಿ ತೆರೆಯುವ ಮೊದಲೇ ಹತ್ತಿ ಬಂದೆ. ಅಂದರೆ ಅಕ್ಕನನ್ನು ಕೂರಿಸದೆಯೂ ಹತ್ತಬಹುದಿತ್ತು. ಸ್ವಲ್ಪ ಬೇಗ ಏಳಬೇಕಿತ್ತು, ಅಷ್ಟೇ. ಇಡೀ ಕತೆಯಲ್ಲಿ ನನ್ನನ್ನು ಹೆಚ್ಚು ಕುಗ್ಗಿಸುವುದು ಇದು. ಒಂದೂವರೆ ಗಂಟೆಯ ನಿದ್ದೆ ಉಳಿಸಿಕೊಳ್ಳಲು ನಾನು ಅವರನ್ನು ಆ ಕುರ್ಚಿಗೆ ಕರೆಯುತ್ತಿದ್ದೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಒಮ್ಮೆ ಹಿಡಿದರೆ ಬಂಡೆಗಳ ಮೇಲೆ ಹಸಿರು ಪಾಚಿ ಕಟ್ಟುತ್ತದೆ, ಅಕ್ಟೋಬರಿನವರೆಗೆ ಹತ್ತುವಂತಿಲ್ಲ. ಆ ಸೋಮವಾರ ನನ್ನ ಕಚೇರಿಯಲ್ಲೇ ಪತ್ರವನ್ನು ತೂಗಿ, ಸ್ಪೀಡ್ ಪೋಸ್ಟಿನ ಚೀಟಿ ಅಂಟಿಸಿ, ಚೀಲಕ್ಕೆ ಹಾಕಿ ಬೆಳ್ತಂಗಡಿಯ ಬಸ್ಸಿಗೆ ಕೊಟ್ಟೆ. ಉತ್ತರ ಇನ್ನೂ ಬಂದಿಲ್ಲ.

ಎರಡು ದಿನ ಬಿಟ್ಟು ಅಕ್ಕನಿಗೆ ಹೇಳಲು ಹೋದೆ. ಮಾಡಿನ ನೀರು ಅಂಗಳಕ್ಕೆ ಸುರಿಯುತ್ತಿತ್ತು. ಅವರು ಒಳಗೆ ಕರೆದು ಕುರ್ಚಿ ಕೊಟ್ಟರು, ತಲೆ ಒರೆಸಿಕೊಳ್ಳಲು ಬೈರಾಸು ಕೊಟ್ಟರು.

“ಕೊಟ್ಟೆ ಅಕ್ಕ” ಎಂದೆ.

“ಯಾವಾಗ?”

“ಸೋಮವಾರ.”

ಅವರು ಬಾಗಿಲಾಚೆ ಮಳೆಯನ್ನು ನೋಡಿದರು.

“ಓ, ಇನ್ನು ನಿಮಗೆ ಹತ್ತಲಿಕ್ಕೂ ಆಗುವುದಿಲ್ಲ ಅಲ್ವಾ?”

ನಾನು ಹೌದು ಎಂದೆ.