ಗುಡ್ಡವಿಲ್ಲದ ಮೈದಾನ

ನಮ್ಮೂರ ಹೈಸ್ಕೂಲಿನ ಮೈದಾನ ಓರೆ. ಯಾವ ಕಾಲದಲ್ಲೋ ಗುಡ್ಡ ಕಡಿದು ಮಾಡಿದ್ದು. ಕಡಿದವರಿಗೆ ಕೊನೆಕೊನೆಗೆ ಸಾಕಾಯಿತೋ ಏನೋ, ಶಾಲೆಯ ಬದಿ ಎತ್ತರವಾಗಿಯೇ ಉಳಿಯಿತು, ನಮ್ಮ ಮನೆಯ ಬದಿ ತಗ್ಗಾಯಿತು. ಆದ್ದರಿಂದ ಯಾರು ಯಾವ ಕಡೆಗೆ ಒದ್ದರೂ ಚೆಂಡು ಕೊನೆಗೆ ಬರುವುದು ನಮ್ಮ ಬೇಲಿಯ ಬುಡಕ್ಕೆ.

ನಾನು ಫುಟ್ಬಾಲಿನ ಅಭಿಮಾನಿಯಾದದ್ದು ಹೀಗೆ, ಚೆಂಡು ಹೆಕ್ಕಿ ಕೊಟ್ಟು ಕೊಟ್ಟು. ಪುತ್ತೂರಿನ ಕಾನ್ವೆಂಟಿನಲ್ಲಿ ಓದುವಾಗ ನಮಗೆ ಇದ್ದದ್ದು ಥ್ರೋಬಾಲು. ಅದನ್ನೂ ಜಡೆಯ ರಿಬ್ಬನ್ ಬಿಚ್ಚದ ಹಾಗೆ ಆಡಬೇಕಿತ್ತು. ಮದುವೆಯಾಗಿ ಬೆಟ್ಟಂಪಾಡಿಯ ಈಚೆಗೆ ಬಂದ ಮೇಲೆ, ಬಟ್ಟೆ ಒಣಹಾಕುತ್ತಾ ಬೇಲಿಯ ಆಚೆ ನೋಡುವುದು ಅಭ್ಯಾಸವಾಯಿತು. ಮೊದಲು ಗಂಡುಮಕ್ಕಳು ಮಾತ್ರ ಆಡುತ್ತಿದ್ದರು. ಕೆಲವು ವರ್ಷಗಳಿಂದ ಹುಡುಗಿಯರ ತಂಡವೂ ಉಂಟು. ಆಮೇಲೆ ನನ್ನ ಬಟ್ಟೆಗಳು ಒಣಗಲು ತೆಗೆದುಕೊಳ್ಳುವ ಹೊತ್ತು ಜಾಸ್ತಿಯಾಯಿತು ಎಂದು ನಮ್ಮವರು ನಗೆಯಾಡುತ್ತಾರೆ.

ಆ ತಂಡದ ಕ್ಯಾಪ್ಟನ್ ನಮ್ಮ ಪಕ್ಕದ ಮನೆಯ ಬ್ಯಾರಿ ಹುಡುಗಿ. ಹತ್ತನೆಯ ತರಗತಿ. ಉದ್ದ ಕಾಲಿನವಳು, ತಲೆವಸ್ತ್ರವನ್ನು ಹಿಂದಕ್ಕೆ ಎಳೆದು ಗಂಟು ಹಾಕಿ ಇಳಿದರೆ ಅದು ಪಂದ್ಯ ಮುಗಿಯುವವರೆಗೆ ಅಲುಗುವುದಿಲ್ಲ. ಮೊಣಕಾಲ ಕೆಳಗೆ ಕಟ್ಟುವ ಪ್ಯಾಡು ತಂಡದಲ್ಲಿ ಎಲ್ಲರಿಗೂ ಇರಲಿಲ್ಲ. ನಾನು ತೋಟದಿಂದ ಒಳ್ಳೆಯ ದಪ್ಪ ಅಡಿಕೆ ಹಾಳೆ ತಂದು, ನೆನೆಸಿ, ಕಾಲಿನ ಅಳತೆಗೆ ಕತ್ತರಿಸಿ ಕೊಟ್ಟಿದ್ದೆ. ಹಾಳೆಯಲ್ಲಿ ತಟ್ಟೆ ಮಾಡುತ್ತಾರೆ, ತಲೆಗಿಡುವ ಮುಟ್ಟಾಳೆ ಮಾಡುತ್ತಾರೆ, ಇದೇಕೆ ಆಗಬಾರದು? ಸಾಕ್ಸಿನ ಒಳಗೆ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಓಡುವಾಗ ಸ್ವಲ್ಪ ಚರಚರ ಎನ್ನುತ್ತದೆ ಅಷ್ಟೇ.

ಆ ವರ್ಷ ನಮ್ಮ ಹುಡುಗಿಯರು ಮೊದಲ ಸಲ ತಾಲೂಕಿನ ಫೈನಲಿಗೆ ಬಂದರು. ಸೆಮಿಫೈನಲ್ ಕಡಬದಲ್ಲಿ ನಡೆದಿತ್ತು. ಅಲ್ಲಿ ಮಳೆಯ ನೀರು ನಿಂತು ಚೆಂಡು ಉರುಳುವುದೇ ಇಲ್ಲ, ಇಟ್ಟಲ್ಲೇ ಕೂತುಕೊಳ್ಳುತ್ತದೆ. ಆ ಕೆಸರಿನಲ್ಲಿ ಹೇಗೋ ಗೆದ್ದು ಬಂದರು. ಫೈನಲ್ ಪುತ್ತೂರಿನಲ್ಲಿ. ಎದುರಿಗೆ, ನೋಡಿ ನನ್ನ ಗ್ರಹಚಾರ, ನಾನು ಓದಿದ ಕಾನ್ವೆಂಟೇ.

ಗೆದ್ದರೆ ಮಂಗಳೂರಿಗೆ, ಜಿಲ್ಲಾ ಪಂದ್ಯಕ್ಕೆ. ಜಿಲ್ಲೆಗೆ ಆಡಿದ ಹುಡುಗಿಯರನ್ನು ಪುತ್ತೂರಿನ ಒಂದು ಕಾಲೇಜಿನವರು ತಮ್ಮ ತಂಡಕ್ಕೆ ತೆಗೆದುಕೊಳ್ಳುತ್ತಾರೆ. ಸೋತರೆ ಈ ಹುಡುಗಿ ಮನೆಯ ಹತ್ತಿರದ ಕಾಲೇಜಿಗೆ ಹೋಗುವವಳು, ಅಲ್ಲಿ ಹುಡುಗಿಯರಿಗೆ ಫುಟ್ಬಾಲ್ ಇಲ್ಲ. ಅಂದರೆ ಆ ದಿನ ಸೋತರೆ ಅವಳ ಆಟ ಅಲ್ಲಿಗೆ ಮುಗಿಯಿತು. ಅವಳು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆಯೂ ಒಬ್ಬಳೇ ಚೆಂಡು ಒದೆಯುತ್ತಿದ್ದಳು, ಅದು ನಮ್ಮ ಬೇಲಿಗೆ ಬಂದಾಗ ಎಂದಿನ ಹಾಗೆ ಕೂಗದೆ ತಾನೇ ಬಂದು ತೆಗೆದುಕೊಂಡು ಹೋದಳು.

ಅವಳ ಉಮ್ಮ ಪಂದ್ಯಕ್ಕೆ ಬರುವುದಿಲ್ಲ ಎಂದರು. "ನನಗೆ ನೋಡ್ಲಿಕ್ಕೆ ಆಗುದಿಲ್ಲ ಅಕ್ಕ. ಯಾರಾದ್ರೂ ಅವಳನ್ನು ಬೀಳಿಸಿದ್ರೆ ನಾನೇ ಇಳಿದು ಹೋಗ್ತೇನೆ," ಎಂದು ಹೇಳಿ, ಒಂದು ದೊಡ್ಡ ಕ್ಯಾನಿನಲ್ಲಿ ಪುನರ್ಪುಳಿ ಶರಬತ್ತನ್ನೂ ತಮ್ಮ ಫೋನನ್ನೂ ನನ್ನ ಕೈಗೆ ಕೊಟ್ಟರು. ಶರಬತ್ತು ಮಕ್ಕಳಿಗೆ. ಫೋನು ಹುಡುಗಿಯ ಉಪ್ಪನಿಗೆ. ಅವರು ಇರುವುದು ಸೌದಿಯಲ್ಲಿ, ಒಂದು ದೊಡ್ಡ ಅಂಗಡಿಯ ಗೋದಾಮಿನಲ್ಲಿ ಕೆಲಸ. ಮಗಳು ಆಡುವುದನ್ನು ಒಮ್ಮೆಯೂ ಕಂಡವರಲ್ಲ. ರಜೆಗೆ ಬಂದಾಗಲೆಲ್ಲ ಶಾಲೆಗೂ ರಜೆ. ಅಂಗಡಿ ತೆರೆಯುವ ಮೊದಲು ವೀಡಿಯೊ ಕಾಲಿಗೆ ಬರುತ್ತಾರೆ, ನಾನು ಫೋನು ಹಿಡಿದು ಪಂದ್ಯ ತೋರಿಸಬೇಕು.

ಒಪ್ಪಿಕೊಳ್ಳುವಾಗ ನನಗೆ ಇದರ ಕಷ್ಟ ಗೊತ್ತಿರಲಿಲ್ಲ. ಪುತ್ತೂರಿನ ಆ ಮೈದಾನದ ಒಂದು ಬದಿಗೆ ಉದ್ದಕ್ಕೂ ಕಲ್ಲಿನ ಮೆಟ್ಟಿಲುಗಳು. ನಾನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಕೂತೆ. ಅಭಿಮಾನಿ ಎಂದರೆ ಚಪ್ಪಾಳೆ ತಟ್ಟಬೇಕಲ್ಲ. ಕೈಯಲ್ಲಿ ಫೋನು ಇದ್ದರೆ ತಟ್ಟುವುದು ಹೇಗೆ? ಜೊತೆಗೆ ಫೋನಿನೊಳಗಿಂದ ಸಣ್ಣ ಸ್ವರ, ಸ್ವಲ್ಪ ಬಲಕ್ಕೆ ಹಿಡಿಯಿರಿ ಅಕ್ಕ, ನಿಮ್ಮ ಬೆರಳು ಅಡ್ಡ ಬಂತು ಅಕ್ಕ ಎಂದು. ಪರದೆಯಲ್ಲಿ ಹಿಂದೆ ರಟ್ಟಿನ ಪೆಟ್ಟಿಗೆಗಳ ಗೋಡೆ, ಎದುರಿಗೆ ಅವರ ಅರ್ಧ ಮುಖ.

ಕಾನ್ವೆಂಟಿನ ಮರೂನ್ ಬಣ್ಣದ ಅಂಗಿಯ ಹುಡುಗಿಯರು ಇಳಿದಾಗ, ನಿಜ ಹೇಳುತ್ತೇನೆ, ನನ್ನೊಳಗೆ ಒಂದು ಸಣ್ಣ ಹುಡುಗಿ ಎದ್ದು ನಿಂತಳು. ಅವಳನ್ನು ಕೂರಿಸಿದೆ. ಸುಳ್ಯದಿಂದ ಬಂದ ರೆಫ್ರಿ ಎಲ್ಲರ ಕಾಲು ತಟ್ಟಿ ಪ್ಯಾಡು ಪರೀಕ್ಷೆ ಮಾಡುತ್ತಾ ನಮ್ಮವರ ಹತ್ತಿರ ಬಂದರು. ಹಾಳೆಯ ಶಬ್ದ ಕೇಳಿ ಒಂದು ಕ್ಷಣ ನಿಂತರು. ಆಮೇಲೆ ಮುಗುಳ್ನಕ್ಕು ಮುಂದೆ ಹೋದರು. ಅಡಿಕೆಯ ಸೀಮೆ ಸುಳ್ಯದವರಲ್ಲವೇ, ಹಾಳೆ ಗೊತ್ತಿಲ್ಲದೆ ಇರುತ್ತದೆಯೇ?

ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿನಲ್ಲಿ ಚೆಂಡು ನನ್ನ ಕಾಲಬುಡಕ್ಕೆ ಬಂತು. ಪ್ರೀತಿಯಿಂದ ಒಂದೇ ಕೈಯಲ್ಲಿ ಎತ್ತಿ ಕೊಟ್ಟೆ, ಮನೆಯಲ್ಲಿ ಕೊಡುವ ಹಾಗೆ. ಪುನಃ ಬಂತು. ಪುನಃ ಕೊಟ್ಟೆ. ಊರಿನ ಚೆಂಡಿಗೆ ನನ್ನ ಪರಿಚಯ ಉಂಟು ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿಯೂ ಬಿಟ್ಟೆ. ನಮ್ಮವರು ಕೊಟ್ಟ ಪಾಸುಗಳೆಲ್ಲ ಗೆರೆ ದಾಟಿ ಹೊರಗೆ ಬರುತ್ತಿದ್ದವು, ಕಾನ್ವೆಂಟಿನವರು ಅಲ್ಲಿಂದ ಎಸೆದು ಮುಂದೆ ಹೋಗುತ್ತಿದ್ದರು. ಹಾಗೆಯೇ ಅವರು ಒಂದು ಗೋಲು ಹೊಡೆದರು. ನಮ್ಮ ಹುಡುಗಿಯರು ಒಬ್ಬರನ್ನೊಬ್ಬರು ಬೈಯತೊಡಗಿದರು. ಡ್ರಿಲ್ ಮಾಸ್ಟ್ರು ಗೆರೆಯ ಹೊರಗೆ ಅತ್ತಿತ್ತ ನಡೆಯುತ್ತಾ, ನೋಡಿ ಕೊಡಿ, ನೋಡಿ ಕೊಡಿ ಎನ್ನುತ್ತಿದ್ದರು. ಅವರು ಆ ವರ್ಷವಷ್ಟೇ ವರ್ಗವಾಗಿ ಬಂದವರು.

ಮತ್ತೊಮ್ಮೆ ಚೆಂಡು ಬಂದು ಮೆಟ್ಟಿಲಿಗೆ ತಾಗಿದಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಊರಿನಲ್ಲಿ ಚೆಂಡು ನನ್ನ ಹತ್ತಿರ ಬರುವುದು ನಾನು ತಗ್ಗಿನಲ್ಲಿರುವ ಕಾರಣ. ಇಲ್ಲಿ ತಗ್ಗು ಎಲ್ಲಿದೆ? ನೆಲ ಕೇರಂ ಬೋರ್ಡಿನ ಹಾಗೆ ಇತ್ತು.

ಅಷ್ಟರಲ್ಲಿ ಫೋನಿನೊಳಗೆ ನಗು ಕೇಳಿತು. ಸೋಲುತ್ತಿರುವಾಗ ಇವರಿಗೆ ಎಂತ ನಗು ಎಂದು ನೋಡಿದೆ. "ಅಕ್ಕ, ಇವರು ಗುಡ್ಡಕ್ಕೆ ಒದೀತಾ ಇದ್ದಾರೆ," ಎಂದರು.

ಅವರೂ ನಮ್ಮೂರ ಶಾಲೆಯ ಅದೇ ಮೈದಾನದಲ್ಲಿ ಆಡಿದವರು. ಅಲ್ಲಿ ಚೆಂಡು ನೇರ ಹೋಗಬೇಕಾದರೆ ಶಾಲೆಯ ಕಡೆಯ ಗುಡ್ಡದ ಬದಿಗೆ ಒಂದು ಮೊಳ ಹೆಚ್ಚಿಗೆ ಒದೆಯಬೇಕು. ಉಳಿದದ್ದನ್ನು ಓರೆ ನೋಡಿಕೊಳ್ಳುತ್ತದೆ. ಯಾರೂ ಅದನ್ನು ಕಲಿಸುವುದಿಲ್ಲ, ಕಾಲು ತಾನೇ ಕಲಿಯುತ್ತದೆ. ಇಲ್ಲಿ ಒಂದು ಬದಿಗೆ ಎತ್ತರದ ಮೆಟ್ಟಿಲುಗಳನ್ನು ಕಂಡದ್ದೇ ಕಾಲು ಅದನ್ನೇ ಗುಡ್ಡ ಎಂದುಕೊಂಡಿತು. ತಾವು ಹತ್ತನೆಯಲ್ಲಿರುವಾಗ ಇದೇ ಪುತ್ತೂರಿಗೆ ಬಂದು ಹೀಗೆಯೇ ಸೋತದ್ದು, ಊರಿಗೆ ಮುಟ್ಟಿದ ಮೇಲೆ ಕಾರಣ ತಿಳಿದದ್ದು ಎಂದು ಹೇಳಿದರು. ಆಮೇಲೆ ತಾವು ಆಡಲಿಲ್ಲ ಎಂದೂ ಹೇಳಿದರು, ಆದರೆ ಅದನ್ನು ಹೇಳುವಾಗ ನಗಲಿಲ್ಲ.

ವಿರಾಮದಲ್ಲಿ ಶರಬತ್ತು ಕೊಡುವ ನೆಪದಲ್ಲಿ ಮೈದಾನದೊಳಗೆ ಹೋಗಿ ಫೋನನ್ನು ಹುಡುಗಿಯ ಮುಖದೆದುರು ಹಿಡಿದೆ. ಅಪ್ಪ ಮಗಳು ಬ್ಯಾರಿ ಭಾಷೆಯಲ್ಲಿ ಮಾತಾಡಿದರು. ಇಷ್ಟು ವರ್ಷದ ನೆರೆಕರೆಯಲ್ಲಿ ನನಗೂ ಅದು ಬರುತ್ತದೆ.

"ಮಗಳೇ, ಅಲ್ಲಿ ಗುಡ್ಡ ಇಲ್ಲ," ಎಂದರು ಉಪ್ಪ.

ಅವಳು ಲೋಟ ಹಿಡಿದುಕೊಂಡೇ ಮೆಟ್ಟಿಲುಗಳ ಕಡೆ ನೋಡಿದಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. ಶರಬತ್ತು ಮೂಗಿಗೆ ಹತ್ತುವಷ್ಟು ನಗು ಬಂತು ಅವಳಿಗೆ. ಉಳಿದವರಿಗೆ ಹೇಳಿದಾಗ ಗೋಲಿನಲ್ಲಿ ನಿಲ್ಲುವ ಹುಡುಗಿ, "ಹಾಗಾದ್ರೆ ನಮ್ಮ ಗುಡ್ಡವನ್ನು ಬಸ್ಸಿನಲ್ಲೇ ತರ್ಬೇಕಿತ್ತು ಮಾರಾಯ್ತಿ," ಎಂದಳು. ಬೈದಾಡುತ್ತಿದ್ದವರೆಲ್ಲ ಒಟ್ಟಿಗೆ ನಕ್ಕರು. ಅಪ್ಪ ಹೇಳಿದ ಮಾತಿಗಿಂತ ಆ ನಗುವೇ ಹೆಚ್ಚು ಕೆಲಸ ಮಾಡಿತೋ ಏನೋ ಎಂದು ನನಗೆ ಈಗಲೂ ಅನುಮಾನ.

ಕಾಲಿಗೆ ಕಲಿತದ್ದನ್ನು ಮರೆಯುವುದು ಸುಲಭವಲ್ಲ. ವಿರಾಮದ ನಂತರವೂ ಕೆಲವು ಚೆಂಡು ನನ್ನ ಹತ್ತಿರ ಬಂದವು. ನಿಧಾನಕ್ಕೆ ಕಡಿಮೆಯಾದವು. ಚೆಂಡು ಬಾರದಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು. ಒಂಬತ್ತನೆಯ ತರಗತಿಯ ಒಬ್ಬ ಗುಂಡು ಹುಡುಗಿ ಗಲಾಟೆಯ ನಡುವೆ ಮೊಣಕಾಲಿನಲ್ಲೇ ಒಂದು ಗೋಲು ನೂಕಿದಳು. ಸಮಸಮ.

ಮುಗಿಯಲು ಇನ್ನೇನು ಉಳಿದಿಲ್ಲ ಎನ್ನುವಾಗ ನಮಗೆ ಫ್ರೀ ಕಿಕ್ ಸಿಕ್ಕಿತು. ಹುಡುಗಿ ಚೆಂಡು ಇಟ್ಟಳು, ಹಿಂದೆ ಬಂದಳು. ಒಮ್ಮೆ ಮೆಟ್ಟಿಲುಗಳ ಕಡೆ ನೋಡಿ, ಅದು ಗುಡ್ಡವಲ್ಲ ಎಂದು ಕಾಲಿಗೆ ತಿಳಿಸುವವಳ ಹಾಗೆ ಬಲಗಾಲನ್ನು ಎರಡು ಸಲ ಕೊಡವಿದಳು.

ಅವಳು ಒದ್ದಳು. ಚೆಂಡು ಮರೂನ್ ಹುಡುಗಿಯರ ತಲೆಯ ಮೇಲಿನಿಂದ ಹೋಗಿ ಬಲಮೂಲೆಯ ಬಲೆಯಲ್ಲಿ ಕೂತಿತು. ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಕೈ ಎರಡೂ ಮೇಲೆ ಇದ್ದವು, ಸೆರಗು ಕೆಳಗೆ ಇತ್ತು, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸದ್ದಿಲ್ಲದ ಚಪ್ಪಾಳೆ ಎಲ್ಲಿ ಹೋಯಿತೋ. ನೆತ್ತಿಯ ಮೇಲಿನಿಂದ ಸ್ವರ ಬರುತ್ತಿತ್ತು: "ಅಕ್ಕ, ಆಕಾಶ ಮಾತ್ರ ಕಾಣ್ತಾ ಉಂಟು. ಎಂತ ಆಯ್ತು? ಅಕ್ಕ?"

ಸೀಟಿ ಊದಿದ ಮೇಲೆ ಹುಡುಗಿ ಓಡಿ ಬಂದದ್ದು ನೇರ ಫೋನಿನ ಹತ್ತಿರ. ನೋಡಿದಿರಾ ಎಂದು ಕೇಳಿದಳು. ನೋಡಿದೆ ಎಂದರು ಅವರು. ಯಾವ ಮೂಲೆಗೆ ಹೋಯಿತು ಹೇಳಿ ಎಂದಳು. ಸ್ವಲ್ಪ ತಡೆದು, ಎಡಮೂಲೆ ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

ಅವಳು ಬೈಯಲಿಲ್ಲ. ಹೋಗಿ ಚೆಂಡು ತಂದು ಅದೇ ಜಾಗದಲ್ಲಿ ಇಟ್ಟಳು. ಕಾನ್ವೆಂಟಿನ ಗೋಲ್‌ಕೀಪರ್ ಕಂಬಕ್ಕೆ ಒರಗಿ ಕೂತಿದ್ದಳು, ಅತ್ತು ಕಣ್ಣು ಕೆಂಪಾಗಿತ್ತು. ಉಪ್ಪ ಸೌದಿಯಲ್ಲಿ, ಗೋಲು ಕಾಣಲಿಲ್ಲ, ಒಮ್ಮೆ ನಿಲ್ಲುತ್ತೀಯಾ ಎಂದು ಇವಳು ಕೇಳಿದಳು. ಆ ಹುಡುಗಿ ಗ್ಲೌಸು ಹಾಕಿಕೊಳ್ಳುತ್ತಾ ಎದ್ದು, "ಪುನಃ ಬಿಡ್ಬೇಕಾ ನಾನು?" ಎಂದಳು.

"ಬಿಡುದು ಬೇಡ. ಹಿಡಿ ನೋಡುವಾ."

ಹಿಡಿದೇಬಿಟ್ಟಳು. ಚೆಂಡನ್ನು ಎದೆಗೆ ಅಪ್ಪಿಕೊಂಡು, ಆ ಕೆಂಪು ಕಣ್ಣಿನಲ್ಲೇ ನಕ್ಕಳು. ಒಳಗಿನ ನನ್ನ ಕಾನ್ವೆಂಟ್ ಹುಡುಗಿಗೂ ಅಷ್ಟರಲ್ಲಿ ಸಮಾಧಾನವಾಯಿತು. ಇದು ಲೆಕ್ಕಕ್ಕಿಲ್ಲ ಅಲ್ಲವಾ ಅಕ್ಕ ಎಂದು ಫೋನಿನೊಳಗಿಂದ ಗಾಬರಿಯ ಪ್ರಶ್ನೆ. ಇನ್ನೊಂದು ಎಂದಳು ಹುಡುಗಿ. ಈ ಸಲ ನಾನು ಫೋನನ್ನು ಎರಡೂ ಕೈಯಲ್ಲಿ, ತುಂಬಿದ ಲೋಟ ಹಿಡಿದ ಹಾಗೆ ಹಿಡಿದು, ಉಸಿರು ಕಟ್ಟಿ ಕೂತೆ. ಚೆಂಡು ಬಲಮೂಲೆಗೆ ಹೋಯಿತು.

ಫೋನಿನಿಂದ ಸದ್ದೇ ಇಲ್ಲ. ನೆಟ್‌ವರ್ಕ್ ಹೋಯಿತೆಂದು ತಿರುಗಿಸಿ ನೋಡಿದೆ. ಅವರು ಫೋನನ್ನು ಎಲ್ಲೋ ಒರಗಿಸಿಟ್ಟು, ರಟ್ಟಿನ ಪೆಟ್ಟಿಗೆಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತು, ಮಗಳು ಒದ್ದ ಹಾಗೆಯೇ ಗಾಳಿಗೆ ಕಾಲು ಬೀಸಿ ನೋಡುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ನಾಚಿದರು. ಹಿಂದಿನಿಂದ ಯಾರೋ ಅವರನ್ನು ಕರೆಯುತ್ತಿದ್ದರು, ಅಂಗಡಿ ತೆರೆದಿರಬೇಕು. ಅವರು ಹೋಗಲಿಲ್ಲ. ಮಗಳು ಬಂದು ನನ್ನ ಭುಜದ ಮೇಲಿನಿಂದ ಬಗ್ಗುವವರೆಗೆ ಕಾದರು.

"ಮಂಗಳೂರಿಗೆ ಹೋದ ಕೂಡಲೇ ಮೊದಲು ಚೆಂಡನ್ನು ನೆಲದಲ್ಲಿ ಇಟ್ಟು ನೋಡು," ಎಂದರು. "ಅದು ಎಲ್ಲಿಗೂ ಹೋಗದಿದ್ರೆ ಹೆದರ್ಬೇಡ."