ಮಕ್ಕಳಿಗೆ ಪ್ರವೇಶವಿಲ್ಲದ ಬೇಲಿಯಾಚೆ

‘ಮಕ್ಕಳಿಗೆ ಪ್ರವೇಶವಿಲ್ಲ.’

ಇಷ್ಟೇ. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ. ಕಳೆದ ವಾರ ಈ ಬೋರ್ಡ್ ಓದಿ ನಮ್ಮ ದೊಡ್ಡಪ್ಪನಿಗೆ ಬಂದ ಕೋಪ, ಪಂಪ್‌ಸೆಟ್ ಆನ್ ಮಾಡಿದ ತಕ್ಷಣ ಕರೆಂಟ್ ಹೋದಾಗಲೂ ಬರುವುದಿಲ್ಲ. (ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ಹೋಲಿಕೆ ಬೇಕಿಲ್ಲ.)

“ಏನಪ್ಪಾ ಇದು? ಗೇಟ್ ಮೇಲೆ ಫ್ಯಾಮಿಲಿ ರೆಸಾರ್ಟ್ ಅಂತ ಆಳುದ್ದ ಬರ್ಸಿದ್ದೀರಿ. ಒಳಗ್ ಬಂದ್ರೆ ಮಕ್ಳು ಬರ್ಬೇಡಿ ಅಂತೀರಿ. ಮಕ್ಳಿಲ್ದೆ ಅದ್ಯಾವ ಸೀಮೆ ಫ್ಯಾಮಿಲಿನಪ್ಪಾ?”

ನಾವೆಲ್ಲ ನಕ್ಕೆವು. ದೊಡ್ಡಪ್ಪನ ಹಿಂದೆಯೇ, ಸೊಂಟದ ಮೇಲೆ ಒಂದು ಮಗುವನ್ನು ಕೂರಿಸಿಕೊಂಡು, ಇನ್ನೊಂದರ ಕೈ ಹಿಡಿದುಕೊಂಡು ನೀಲತ್ತೆ ನಿಂತಿದ್ದಳು. ಅವಳು ನಗಲಿಲ್ಲ.

ಆ ಎರಡೂ ಮಕ್ಕಳು ಅವಳವಲ್ಲ. ನೀಲತ್ತೆ ನಮ್ಮಪ್ಪನ ತಂಗಿ, ದೊಡ್ಡಪ್ಪನಿಗೂ ತಂಗಿ. ನಂಜನಗೂಡಿಗೆ ಮದುವೆ ಮಾಡಿಕೊಟ್ಟು ವರ್ಷಗಳೇ ಆದವು. ಅವಳಿಗೆ ಮಕ್ಕಳಿಲ್ಲ.

ಆ ಮಾತು ಅವಳಿಗೆ ತಾಗಿತು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ದೊಡ್ಡಪ್ಪನಿಗಂತೂ ಖಂಡಿತ ಇಲ್ಲ. ತಂಗಿ ಅಂದರೆ ಅವರಿಗೆ ಪ್ರಾಣ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮದು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ನಂಜನಗೂಡಿಗೆ ಹೋಗುತ್ತೇವೆ. ಕಪಿಲೆಯಲ್ಲಿ ಸ್ನಾನ, ದೇವರ ದರ್ಶನ, ಮರದ ನೆರಳಲ್ಲಿ ಕೂತು ಕಟ್ಟಿಕೊಂಡು ಹೋದ ಪುಳಿಯೋಗರೆ, ಮೊಸರನ್ನ. ಸಂಜೆಗೆ ವಾಪಸ್. ಸ್ನಾನಘಟ್ಟದಲ್ಲಿ ನಮ್ಮದೊಂದು ಪದ್ಧತಿಯಿದೆ. ನಿಮ್ಮ ಮನೆಯಲ್ಲೂ ಇರಬಹುದು. ಎಲ್ಲರೂ ನೀರಿಗಿಳಿಯುವಾಗ ಒಬ್ಬರು ಮೆಟ್ಟಿಲ ಮೇಲೆ ಉಳಿಯಬೇಕು. ಒಣಬಟ್ಟೆಯ ಗಂಟು, ಚಪ್ಪಲಿ, ಬಿಚ್ಚಿಟ್ಟ ಸರ, ನೀರಿಗೆ ಹೆದರಿ ಅಳುವ ಮಕ್ಕಳು, ಎಲ್ಲವನ್ನೂ ಕಾಯಬೇಕು.

ಯಾರು ಕಾಯುತ್ತಾರೆ? ನೀಲತ್ತೆ. ಊರಲ್ಲೇ ಇರುವವಳಲ್ಲವೇ, ಯಾವಾಗ ಬೇಕಾದರೂ ಮುಳುಗಬಹುದಲ್ಲವೇ, ಅನ್ನುವುದು ನಮ್ಮೆಲ್ಲರ ಲೆಕ್ಕಾಚಾರ.

ಈ ಸಲ ದೊಡ್ಡಪ್ಪನ ಮಗ ಹಟ ಹಿಡಿದ. ನಂಜನಗೂಡಿನಿಂದ ನರಸೀಪುರದ ಕಡೆ ಬರುವಾಗ ಹೊಳೆದಂಡೆಯಲ್ಲಿ ಹೊಸದಾಗಿ ರೆಸಾರ್ಟ್ ಆಗಿದೆ, ಒಂದು ರಾತ್ರಿ ಅಲ್ಲಿ ಉಳಿದು ಬೆಳಿಗ್ಗೆ ಸ್ನಾನಕ್ಕೆ ಹೋಗೋಣ ಅಂತ. ಎರಡು ಸುಮೋ ತುಂಬ ಹೊರಟೆವು. ನೀಲತ್ತೆಯನ್ನು ಅವಳ ಮನೆಯಿಂದಲೇ ಹತ್ತಿಸಿಕೊಂಡೆವು. ಮಾವನಿಗೆ ರಜೆ ಸಿಗಲಿಲ್ಲ. ಅತ್ತೆ ಗಾಡಿಯಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳ ಮಡಿಲಲ್ಲಿ ಒಂದು ಮಗು ಇತ್ತು.

ರೆಸಾರ್ಟ್ ಅಂದರೆ ಭಾರಿ ಕಲ್ಪನೆ ಬೇಡ. ತೆಂಗಿನ ತೋಟ. ಅದರೊಳಗೆ ಸಾಲಾಗಿ ಕಾಟೇಜು, ಒಂದು ಸ್ವಿಮ್ಮಿಂಗ್ ಪೂಲ್, ಜಾರುಬಂಡೆ, ಉಯ್ಯಾಲೆ. ಹೊಳೆ ಕಡೆಗೆ ಮಾತ್ರ ದಾಸವಾಳದ ಬೇಲಿ. ಬೇಲಿಯಾಚೆ ಹೊಂಗೆ ಮರದ ಕೆಳಗೆ ಒಂದಷ್ಟು ಬೆತ್ತದ ಕುರ್ಚಿ. ಬೇಲಿಯ ಬಾಯಲ್ಲಿ ಆ ಬೋರ್ಡ್.

ಮ್ಯಾನೇಜರ್ ಸುತ್ತೂರು ಕಡೆಯ ಹುಡುಗ. ಪಾಪ, ಟೈ ಕಟ್ಟಿಕೊಂಡು ಬೆವರುತ್ತಿದ್ದ. “ಓನರ್ ಏಳವ್ರೆ ಸಾ. ದೊಡ್ಡೋರು ಒಸಿ ಸೈಲೆಂಟಾಗ್ ಕೂತ್ಕಳ್ಲಿ ಅಂತ.”

“ಸೈಲೆಂಟಾಗ್ ಕೂರಕ್ಕೆ ದುಡ್ ಕೊಟ್ಟು ಇಲ್ಲೀಗಂಟ ಬರ್ಬೇಕೇನಯ್ಯಾ? ಮನೇಲಿ ಬಾಯ್ ಮುಚ್ಕಂಡಿದ್ರೆ ಆಯ್ತು.”

ದೊಡ್ಡಪ್ಪ ಹೇಳಿದ್ದು ನನಗೂ ಸರಿಯೆನಿಸಿತ್ತು. ಯಾಕೆ ಅನ್ನಿಸಬಾರದು? ಮಕ್ಕಳ ರಜೆ ಅಂತಲೇ ತಾನೇ ಟ್ರಿಪ್ಪು? ಸಿಟಿಯವರ ಶೋಕಿ ನಮ್ಮ ಹೊಳೆದಂಡೆಗೂ ಬಂತಲ್ಲ ಅಂದುಕೊಂಡೆ. ಈ ವಾರದ ಕಾಲಮ್‌ಗೆ ಸಬ್ಜೆಕ್ಟ್ ಸಿಕ್ಕಿತು ಅಂತ ಖುಷಿಯೂ ಆಯಿತು. ಮಕ್ಕಳನ್ನು ಹೊರಗಿಡುವ ಸಂಸ್ಕೃತಿ ಅದೂ ಇದೂ ಅಂತ ಮನಸ್ಸಿನಲ್ಲೇ ಎರಡು ಪ್ಯಾರಾ ರೆಡಿಯಾಗಿದ್ದವು.

ಆ ಎರಡು ಪ್ಯಾರಾ ಇವತ್ತು ಇಲ್ಲಿಲ್ಲ. ಕಾರಣ ಕೇಳಿ.

ಮಧ್ಯಾಹ್ನ ಊಟವಾಯಿತು. ಗಂಡಸರು ಇಸ್ಪೀಟು ಹರಡಿದರು. ಹೆಂಗಸರು ಎ.ಸಿ. ರೂಮಿನಲ್ಲಿ ಒಂದು ಗಳಿಗೆ ಕಾಲು ಚಾಚಲು ಹೊರಟರು. “ಮಕ್ಳುನ್ನ ಯಾರ್ ನೋಡ್ಕತಾರೆ?” ಅಂತ ಯಾರೋ ಕೇಳಿದ್ದಕ್ಕೆ ದೊಡ್ಡಪ್ಪನ ಸೊಸೆ, ನಮ್ಮ ಅತ್ತಿಗೆ, “ನೀಲತ್ತೆ ಅವ್ರಲ್ಲಾ” ಅಂದಳು. ಗೋಡೆಗೆ ಮೊಳೆ ಇದೆಯಲ್ಲ, ಅಂಗಿ ನೇತು ಹಾಕಿ ಅನ್ನುವಷ್ಟು ಸಹಜವಾಗಿ.

ನೀಲತ್ತೆ ಕಾಟೇಜಿನ ಮುಂದೆ ಕೂತಿದ್ದ ನನ್ನ ಹತ್ತಿರ ಬಂದಳು. ಸೊಂಟದ ಮೇಲಿನ ಮಗುವನ್ನು ನನ್ನ ಮಡಿಲಿಗೆ ಇಳಿಸಿದಳು. “ಒಸಿ ಇಟ್ಕಳವ್ವ” ಅಂದಳು. ಬಾತ್‌ರೂಮಿಗೆ ಹೋಗುತ್ತಾಳೇನೋ ಅಂದುಕೊಂಡೆ.

ಅವಳು ಬೇಲಿಯ ಕಡೆ ನಡೆದಳು. ಬೋರ್ಡಿನ ಮುಂದೆ ಒಂದು ಕ್ಷಣ ನಿಂತಳು. ಒಳಗೆ ಹೋದಳು.

ಆಮೇಲಿನದು ನನ್ನ ಕಥೆ. ಎಂಟೊಂಬತ್ತು ಮಕ್ಕಳು, ನಾನೊಬ್ಬಳು. ಒಂದಕ್ಕೆ ನೀರು ಬೇಕು. ಇನ್ನೊಂದಕ್ಕೆ ಅದೇ ಲೋಟದಲ್ಲೇ ನೀರು ಬೇಕು. ಉಯ್ಯಾಲೆಗಾಗಿ ಎರಡು ಮಕ್ಕಳು ಜುಟ್ಟು ಜುಟ್ಟು ಹಿಡಿದುಕೊಂಡವು. ಒಬ್ಬನ ಚಪ್ಪಲಿ ಪೂಲ್‌ನಲ್ಲಿ ತೇಲುತ್ತಿತ್ತು. ನನ್ನದು ಇಪ್ಪತ್ತಮೂರರ ವಯಸ್ಸು, ಸೈಕಲ್ಲು ತುಳಿಯುವ ಮೈ. ಒಂದು ಗಂಟೆಯಲ್ಲಿ ಸೋತು ಸುಣ್ಣವಾದೆ. ಇದನ್ನೇ ನೀಲತ್ತೆ ಪ್ರತಿ ಹಬ್ಬ, ಪ್ರತಿ ಮದುವೆ, ಪ್ರತಿ ರಜೆಯಲ್ಲೂ ಮಾಡಿಕೊಂಡು ಬಂದಿದ್ದಾಳೆ. ಅದಕ್ಕೆ ನಾವೊಂದು ಹೆಸರನ್ನೂ ಇಟ್ಟಿದ್ದೇವೆ: ‘ನೀಲಂಗೆ ಮಕ್ಳಂದ್ರೆ ಆಸೆ’.

ಆಸೆ ಇಲ್ಲವೆಂದಲ್ಲ. ಆದರೆ ಅವಳನ್ನು ಯಾರು ಕೇಳಿದ್ದರು?

ಅತ್ತಿಗೆ ಎದ್ದು ಬಂದಾಗ ಅವಳ ಮಗಳು ಪುಟ್ಟಿ ಬೇಲಿ ಹಿಡಿದುಕೊಂಡು “ನೀಲಜ್ಜೀ” ಅಂತ ಅಳುತ್ತಿದ್ದಳು. ಬೋರ್ಡ್ ದಾಟಿ ಹೋಗುವ ಧೈರ್ಯ ಅವಳಿಗಿರಲಿಲ್ಲ.

“ಅಯ್ಯೋ, ಅಲ್ಲೋಗಿ ಒಬ್ರೇ ಯಾಕ್ ಕೂತವ್ರೆ?” ಅತ್ತಿಗೆಗೆ ನಿಜವಾಗಿಯೂ ಗಾಬರಿ. “ಒಬ್ಬೊಬ್ರೇ ಇದ್ರೆ ಏನೇನೋ ಯೋಚ್ನೆ ಮಾಡ್ತಾರೆ ಕಣೆ. ಮಕ್ಳ ಜೊತೆ ಇದ್ರೆ ಮನ್ಸು ಅಗುರಾಯ್ತದೆ. ಕರ್ಕಂಡ್ ಬಾ ಓಗು.”

ದೊಡ್ಡಪ್ಪ ಇಸ್ಪೀಟಿನ ಎಲೆ ಕೆಳಗಿಟ್ಟು ಎದ್ದರು. “ಎಲ್ಲಾ ಆ ಬೋರ್ಡಿಂದ. ಲೋ ಮ್ಯಾನೇಜ್ರು, ಕಿತ್ತಾಕಯ್ಯ ಅದ್ನ ಅತ್ಲಾಗೆ. ಮಕ್ಳೇ ಓಗಿ ಅವ್ಳುನ್ನ ಎಳ್ಕಂಡ್ ಬತ್ತವೆ.”

ಹುಡುಗ ತಲೆ ಕೆರೆದುಕೊಂಡ. ಎರಡು ಸುಮೋ ಗಿರಾಕಿ. ಬೇಡವೆನ್ನಲಾದೀತೇ? ಬೋರ್ಡಿಗೆ ಕೈಹಾಕಿದ. “ಒಂದ್ ನಿಮ್ಷ ಇರಣ್ಣಾ” ಅಂದೆ. ಮಗುವನ್ನು ಅತ್ತಿಗೆಗೆ ಕೊಟ್ಟು ಒಳಗೆ ಹೋದೆ.

ನೀಲತ್ತೆ ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚಿದ್ದಳು. ಬೇಸಿಗೆಯ ಹೊಳೆ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಅವಳ ಎರಡು ಕೈಗಳೂ ಮಡಿಲಲ್ಲಿ ಖಾಲಿ ಬಿದ್ದಿದ್ದವು. ಆ ಕೈಗಳನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

“ಕರೀತಾವ್ರಾ?” ಅಂದಳು, ತಿರುಗಿ ನೋಡದೆ.

“ಹೂಂ. ಪುಟ್ಟಿ ಅಳ್ತಾವ್ಳೆ.”

“ಕೇಳುಸ್ತದೆ.”

ಪಕ್ಕದಲ್ಲಿ ಕೂತೆ. ಅವಳೇ ಮಾತಾಡಿದಳು.

“ದೀಪಾವಳಿ ಆದ್ಮೇಲೆ ಮೈಸೂರಿನ ಡಾಕ್ಟ್ರು ಕೊನೆ ಮಾತು ಏಳ್ಬುಟ್ರು, ಇನ್ ಮಕ್ಳಾಗಲ್ಲ ಅಂತ. ನಿಮ್ಗೆಲ್ಲಾ ಗೊತ್ತಲ್ಲ. ಗೊತ್ತಾದ್ರೂ ಒಬ್ರೂ ಆ ಮಾತ್ ಎತ್ತಲಿಲ್ಲ. ಮೊದ್ಲೂ ಕೊಡ್ತಿದ್ರಿ, ಅವತ್ತಿಂದ ನಾನ್ ಬಂದ ತಕ್ಷಣ ಮಡ್ಲಿಗೆ ಒಂದ್ ಮಗ ತಂದಾಕ್ತೀರ. ಮದ್ದು ಕೊಟ್ಟಂಗೆ.”

ಅವಳು ಸೆರಗಿನ ಮೇಲೆ ಬಿದ್ದ ಹೊಂಗೆ ಹೂವನ್ನು ಕೊಡವಿದಳು.

“ಎತ್ಕತೀನಿ. ಎತ್ಕಂಡ್ರೆ ಬಿಡಕ್ಕೂ ಮನ್ಸಾಗಲ್ಲ. ಆಮೇಲೆ ನಿದ್ದೆ ಬಂತು ಅಂದ್ರೆ, ಬಿದ್ರು ಅಂದ್ರೆ, ಅವು ಅವ್ರವ್ವನ ತಾವ್ಕೇ ಓಡೋಯ್ತವೆ. ಓಡ್ಲೇಬೇಕಲ್ವಾ? ಆಗ ನಂಗೆ ಒಸಿ ಅಳ್ಬೇಕು ಅನ್ನುಸ್ತದೆ. ಎಲ್ಲಿ ಅಳಾನೆ? ಅಡ್ಗೆ ಮನೇಲೂ ಮಕ್ಳು, ಇತ್ಲಲ್ಲೂ ಮಕ್ಳು. ‘ಅಜ್ಜಿ ಯಾಕ್ ಅಳ್ತೀಯ’ ಅಂತ ಬಂದು ಕಣ್ಣೊರುಸ್ತವೆ ಬೇರೆ.”

“ಈಗ ಅತ್ತಾಯ್ತಾ?”

“ಇಲ್ಲ ಕಣೆ.” ಅವಳು ಮೊದಲ ಸಲ ನನ್ನ ಕಡೆ ನೋಡಿದಳು. ಸ್ವಲ್ಪ ನಕ್ಕಳು. “ಅಳಕ್ಕೇ ಅಂತ ಬಂದೆ. ಇಲ್ ಕೂತ್ರೆ ಅಳುವೇ ಬತ್ತಿಲ್ಲ. ಇನ್ನೊಂದ್ ಗಳ್ಗೆ ಇರ್ತೀನಿ ಅಂತ ಏಳು.”

ಹೊರಗೆ ಬಂದೆ. ಮ್ಯಾನೇಜರ್ ಒಂದು ಮೊಳೆ ಬಿಚ್ಚಿದ್ದ. ಬೋರ್ಡ್ ಓರೆಯಾಗಿ ನೇತಾಡುತ್ತಿತ್ತು. “ಬೋರ್ಡ್ ಇರ್ಲಿ. ಅತ್ತೆ ಆಮೇಲೆ ಬತ್ತಾರೆ” ಅಂದೆ.

“ಓಹೋ, ನೀನೂ ಸೇರ್ಕಂಡ್ಯಾ?” ದೊಡ್ಡಪ್ಪ ಗುರ್ ಅಂದರು. “ಮಕ್ಳುನ್ನ ದೂರ ಇಕ್ಕಿ ಸುಖ ಪಡೋದು ನಮ್ಮನೇಲಿ ಯಾವತ್ತಾದ್ರೂ ಇತ್ತೇನೇ?”

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದ ನಮ್ಮಜ್ಜಿ ತಲೆ ಎತ್ತಿತು. ದೊಡ್ಡಪ್ಪನಿಗೂ ನೀಲತ್ತೆಗೂ ಅವ್ವ ಅದು.

“ಇರ್ಲಿಲ್ವೇನ್ಲಾ? ನಿಮ್ಮಪ್ಪಂದು, ನಿಂದು ಜಗಲಿ ಮ್ಯಾಲೆ ಯಾವ್ ಮಗ ಕಾಲಿಕ್ಕಿತ್ತ್ಲಾ? ನೀ ಒಂದ್ ಕಿತ ಕೆಮ್ಮುದ್ರೆ ಸಾಕು, ಎಲ್ಲಾ ಇತ್ಲಿಗ್ ಓಡ್ತಿದ್ವು. ಬೋರ್ಡ್ ಆಕಿರ್ಲಿಲ್ಲ, ಅಷ್ಟೇಯ. ಅವ್ಳುನ್ನ ಒಸಿ ಕೂರಕ್ ಬುಡು.”

ದೊಡ್ಡಪ್ಪ ಎಲೆ ಎತ್ತಿಕೊಂಡು ಕೂತರು. ಹುಡುಗ ಮೊಳೆ ಮತ್ತೆ ಹೊಡೆದ.

ಅಜ್ಜಿ ಹೇಳಿದ್ದು ನಾಲ್ಕೇ ಮಾತು. ನಾನು ಅದನ್ನೇ ಒಂದು ವಾರದಿಂದ ಯೋಚಿಸುತ್ತಿದ್ದೇನೆ. ದೊಡ್ಡವರಿಗೆಂದೇ ಜಾಗ ನಮಗೆ ಹೊಸದಲ್ಲ ಕಣ್ರೀ. ಜಗಲಿ ಇತ್ತು, ಅರಳಿಕಟ್ಟೆ ಇತ್ತು, ಟೀ ಅಂಗಡಿ ಬೆಂಚಿತ್ತು. ಎಲ್ಲವೂ ಗಂಡಸರದು. ಮಕ್ಕಳು ಬರಕೂಡದ ಜಾಗ ಹೆಂಗಸರಿಗೆ ಎಲ್ಲಿತ್ತು? ಹೇಳಿ ನೋಡೋಣ.

ಹಾಗಂತ ಆ ಬೋರ್ಡ್ ನನಗೆ ಪೂರ್ತಿ ಒಪ್ಪಿಗೆಯಾಯಿತು ಅಂದುಕೊಳ್ಳಬೇಡಿ. ಪುಟ್ಟಿ ನನ್ನ ಕೈ ಜಗ್ಗಿ, “ಅವ್ರಿಗೆ ನಮ್ನ ಕಂಡ್ರೆ ಆಗಲ್ವಾ?” ಅಂತ ಕೇಳಿದಳು. ಐದು ವರ್ಷದ ಮಗುವಿಗೆ ಯಾವ ತಪ್ಪೂ ಮಾಡದೆ ‘ಪ್ರವೇಶವಿಲ್ಲ’ ಅನಿಸಿಕೊಳ್ಳುವುದು ನೋವೇ. ನಾಳೆ ಊಟದ ಹಾಲಿಗೂ ಪೂಲಿಗೂ ಇದೇ ಬೋರ್ಡ್ ಬಂದರೆ? ಹಾಲು ಕುಡಿಯುವ ಕೂಸಿರುವ ತಾಯಿ ಎಲ್ಲಿಗೆ ಹೋಗಬೇಕು? ಅವಳೂ ದೊಡ್ಡವಳೇ ಅಲ್ಲವೇ? ಹೊಳೆಯ ಚೆಂದವನ್ನೆಲ್ಲ ದೊಡ್ಡವರಿಗೆ ಕೊಟ್ಟು, ಮಕ್ಕಳಿಗೆ ಪ್ಲಾಸ್ಟಿಕ್ ಜಾರುಬಂಡೆ ಬಿಡುವುದೂ ನ್ಯಾಯವಲ್ಲ.

ಒಂದು ಮೂಲೆ ಸಾಕು. ನಾಲ್ಕು ಕುರ್ಚಿ, ಒಂದು ಮರ. ಬೋರ್ಡಿನ ಮಾತು ಬದಲಾಗಲಿ. ‘ದೊಡ್ಡವರು ಸ್ವಲ್ಪ ಹೊತ್ತು ಸುಮ್ಮನೆ ಕೂರುವ ಜಾಗ’ ಅಂತ ಬರೆಸಿ. ಮಕ್ಕಳಿಗೆ ಅರ್ಥವಾಗುತ್ತದೆ. ದೊಡ್ಡಪ್ಪಂದಿರಿಗೆ ಸ್ವಲ್ಪ ಟೈಮ್ ಹಿಡಿಯಬಹುದು.

ಲೈಟ್ ಹಾಕುವ ಹೊತ್ತಿಗೆ ನೀಲತ್ತೆ ತಾನಾಗಿಯೇ ಬಂದಳು. ಯಾರೂ ಹೇಳುವ ಮೊದಲೇ ಪುಟ್ಟಿಯನ್ನು ಎತ್ತಿಕೊಂಡಳು. ದೊಡ್ಡಪ್ಪ ಎಲೆಯಿಂದ ಕಣ್ಣೆತ್ತದೆ, “ಕಾಫಿ ಕುಡ್ದ್ಯೇನವ್ವ?” ಅಂದರು. “ಇಲ್ಲ ಕಣಣ್ಣ” ಅಂದಳು. ದೊಡ್ಡಪ್ಪ ತಾವೇ ಎದ್ದು ಹೋಗಿ ಒಂದು ಲೋಟ ತಂದರು. ಅದರ ಬಗ್ಗೆ ಅಷ್ಟೇ ಮಾತು.

(ಇದನ್ನೆಲ್ಲ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರ್ಕೊ, ಎಸ್ರು ಬದ್ಲಾಯ್ಸು” ಅಂದಳು. ಬದಲಾಯಿಸಿದ್ದೇನೆ.)

ಮರುದಿನ ಬೆಳಿಗ್ಗೆ ಸ್ನಾನಘಟ್ಟ. ಎಲ್ಲರೂ ನೀರಿಗೆ ಇಳಿದರು. ಬಟ್ಟೆಯ ಗಂಟುಗಳು ತಾವಾಗಿಯೇ ನಡೆದು ಬಂದವೇನೋ ಎಂಬಂತೆ ನೀಲತ್ತೆಯ ಸುತ್ತ ಸೇರಿಕೊಂಡವು. ಹಿಂದಿನ ದಿನದ್ದನ್ನು ಎಲ್ಲರೂ ರೆಸಾರ್ಟಿನಲ್ಲೇ ಬಿಟ್ಟು ಬಂದಿದ್ದರು. ನಾನು ಹೋಗಿ ಗಂಟಿನ ಪಕ್ಕ ಕೂತೆ. “ನೀನ್ ಓಗತ್ತೆ, ನಾ ಕಾಯ್ತೀನಿ” ಅಂದೆ.

“ಬ್ಯಾಡ ಕಣೆ, ಅಭ್ಯಾಸ ಇಲ್ಲ” ಅಂದಳು. ಆದರೂ ಎದ್ದಳು. ಒಂದೊಂದೇ ಮೆಟ್ಟಿಲು ಇಳಿದು, ಮಂಡಿ ಮುಳುಗುವ ನೀರಿನಲ್ಲಿ ನಿಂತಳು. ಅಲ್ಲಿಂದಲೇ ತಿರುಗಿ, ಗಂಟುಗಳೆಲ್ಲ ಇವೆಯೇ ಅಂತ ಒಮ್ಮೆ ನೋಡಿದಳು.

ನಿಮ್ಮ ಮನೆಯವರೆಲ್ಲ ನೀರಿಗಿಳಿದಾಗ ಮೆಟ್ಟಿಲ ಮೇಲೆ ಬಟ್ಟೆ ಕಾಯುತ್ತಾ ಕೂರುವುದು ಯಾರು?